ತೌಡಿನ ನಾರು, ಕರುಳು ಮತ್ತು ರೋಗನಿರೋಧಕ ಶಕ್ತಿ: ಜೊತೆಯಲ್ಲಿ ಓದುವವರಿಗಾಗಿ ಟಿಪ್ಪಣಿ

ಮಂಡ್ಯದ ಅಕ್ಕಿ ಗಿರಣಿಗಳಿಂದ ಬರುವ ತೌಡು ದನಗಳಿಗೆ ಹೋಗುತ್ತದೆ, ಇಲ್ಲವೇ ಎಣ್ಣೆ ತೆಗೆಯಲು ಹೋಗುತ್ತದೆ. ಅದೇ ತೌಡಿನ ನಾರನ್ನು ಸಂಸ್ಕರಿಸಿ ‘ರೋಗನಿರೋಧಕ ಶಕ್ತಿಗೆ’ ಎಂದು ದುಬಾರಿ ಪುಡಿಯಾಗಿಯೂ ಮಾರುತ್ತಾರೆ. ಆಹಾರ ವಿಜ್ಞಾನ ಓದುವ ನಮಗೆ ಮನೆಯವರು, ನೆಂಟರು ಕೇಳುವ ಮೊದಲ ಪ್ರಶ್ನೆಯೇ ಇಂಥದ್ದು: ‘ಇದನ್ನು ತಗೋಬಹುದಾ?’ ಉತ್ತರ ಹೇಳಬೇಕಾದರೆ ನಾರು ಹೊಟ್ಟೆಯಲ್ಲಿ ಏನು ಮಾಡುತ್ತದೆ ಎಂಬುದು ಸರಿಯಾಗಿ ಗೊತ್ತಿರಬೇಕು.

ಅಕ್ಕಿ, ಗೋಧಿ, ರಾಗಿಯ ಜೀವಕೋಶದ ಗೋಡೆಯಲ್ಲಿರುವ ಮುಖ್ಯ ನಾರು ಅರಾಬಿನೋಕ್ಸೈಲಾನ್. ಕ್ಸೈಲೋಸ್ ಎಂಬ ಸಕ್ಕರೆಯ ಉದ್ದನೆಯ ಸರಪಳಿಗೆ ಅರಾಬಿನೋಸ್ ಅಲ್ಲಲ್ಲಿ ಕವಲಾಗಿ ಅಂಟಿಕೊಂಡಿರುತ್ತದೆ. ಓಟ್ಸ್ ಮತ್ತು ಬಾರ್ಲಿಯಲ್ಲಿ ಬೀಟಾ ಗ್ಲೂಕಾನ್ ಹೆಚ್ಚು. ಇವೆರಡನ್ನೂ ಒಡೆಯುವ ಕಿಣ್ವ ನಮ್ಮ ದೇಹದಲ್ಲಿಲ್ಲ. ಹಾಗಾಗಿ ಸಣ್ಣ ಕರುಳನ್ನು ದಾಟಿ ಇವು ದೊಡ್ಡ ಕರುಳಿಗೆ ಬರುತ್ತವೆ. ಅಲ್ಲಿಂದ ಮುಂದಿನ ಕೆಲಸ ಬ್ಯಾಕ್ಟೀರಿಯಾಗಳದ್ದು.

ಈ ಭಾಗವನ್ನು ನಿಧಾನವಾಗಿ ಓದಿ, ಇಡೀ ವಿಷಯದ ಬೇರು ಇಲ್ಲಿದೆ. ರುಬ್ಬಿಟ್ಟ ದೋಸೆ ಹಿಟ್ಟು ರಾತ್ರಿಯಲ್ಲಿ ಹುದುಗುವ ಹಾಗೆ ನಾರು ದೊಡ್ಡ ಕರುಳಿನಲ್ಲಿ ಹುದುಗುತ್ತದೆ. ಹುಳಿಯೂ ಹುಟ್ಟುತ್ತದೆ, ಗಾಳಿಯೂ ಹುಟ್ಟುತ್ತದೆ. ಆ ಹುಳಿಯೇ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರುಸರಪಳಿ ಕೊಬ್ಬಿನಾಮ್ಲಗಳು. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಬೇಕಾದ ಶಕ್ತಿಯ ಬಹುಪಾಲು ಬ್ಯುಟಿರೇಟ್‌ನಿಂದಲೇ ಸಿಗುತ್ತದೆ. ಅದು ಸಾಕಷ್ಟು ಸಿಕ್ಕರೆ ಕೋಶಗಳ ನಡುವಿನ ಬೆಸುಗೆ ಬಿಗಿಯಾಗಿರುತ್ತದೆ, ಕರುಳಿನೊಳಗಿನ ಸೂಕ್ಷ್ಮಜೀವಿಗಳು ರಕ್ತದ ಕಡೆ ನುಸುಳುವುದು ಕಡಿಮೆಯಾಗುತ್ತದೆ. ದೇಹದ ರೋಗನಿರೋಧಕ ಕೋಶಗಳಲ್ಲಿ ದೊಡ್ಡ ಪಾಲು ಕರುಳಿನ ಗೋಡೆಯಲ್ಲೇ ನೆಲೆಸಿದೆ ಎಂಬುದನ್ನೂ ಇದರ ಜೊತೆ ನೆನಪಿಡಿ. ಬ್ಯುಟಿರೇಟ್ ನಿಯಂತ್ರಕ ಟಿ ಕೋಶಗಳನ್ನು ಹೆಚ್ಚಿಸುತ್ತದೆ ಎಂದು 2013ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದವು. ಈ ಕೋಶಗಳು ಉರಿಯೂತಕ್ಕೆ ಕಡಿವಾಣ ಹಾಕುವಂಥವು. ಅಂದರೆ ನಾರು ರೋಗನಿರೋಧಕ ವ್ಯವಸ್ಥೆಯನ್ನು ಬರೀ ಕೆರಳಿಸುತ್ತದೆ ಎಂದು ಬರೆದರೆ ತಪ್ಪು. ಎಷ್ಟೋ ಕಡೆ ಅದನ್ನು ಹದದಲ್ಲಿಡುವುದೇ ಅದರ ಕೆಲಸ.

ಎಲ್ಲ ನಾರೂ ಹೀಗೆ ಹುದುಗುವುದಿಲ್ಲ. ಇಸಬ್ಗೋಲಿನ ಹೊಟ್ಟಿನಲ್ಲೂ ಹೆಚ್ಚಾಗಿ ಇರುವುದು ಅರಾಬಿನೋಕ್ಸೈಲಾನೇ. ಆದರೆ ಅದರ ಕವಲುಗಳು ದಟ್ಟವಾಗಿರುವುದರಿಂದ ಬ್ಯಾಕ್ಟೀರಿಯಾಗಳು ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ನೀರು ಹೀರಿ ಲೋಳೆಯಾಗಿ ಮಲವನ್ನು ಮೆದುವಾಗಿಸುತ್ತದೆ, ಅಷ್ಟೇ. ಗೋಧಿಯ ದಪ್ಪ ತೌಡೂ ಹುದುಗುವುದು ಕಡಿಮೆ, ಮಲದ ಗಾತ್ರ ಹೆಚ್ಚಿಸುವುದು ಜಾಸ್ತಿ. ಬೀಟಾ ಗ್ಲೂಕಾನ್ ವಿಷಯದಲ್ಲಿ ಗಟ್ಟಿ ಆಧಾರ ಇರುವುದು ಕೊಲೆಸ್ಟ್ರಾಲ್ ಇಳಿಸುವುದಕ್ಕೆ: ದಿನಕ್ಕೆ 3 ಗ್ರಾಂ ಓಟ್ಸ್ ಬೀಟಾ ಗ್ಲೂಕಾನ್ ಎಂಬ ಅಳತೆಯ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲೇ ಅದನ್ನು ಒಪ್ಪಿತು. ಪೊಟ್ಟಣದ ಮೇಲೆ ‘ನಾರು’ ಎಂದಷ್ಟೇ ಇದ್ದರೆ ಸಾಲದು, ಯಾವ ನಾರು ಎಂದು ನೋಡಬೇಕು ಎನ್ನುವುದು ಇದಕ್ಕೇ.

ಈಗ ಆ ದುಬಾರಿ ಪುಡಿಯ ಮಾತು. ಜಪಾನಿನಲ್ಲಿ ಅಕ್ಕಿ ತೌಡಿನ ಅರಾಬಿನೋಕ್ಸೈಲಾನನ್ನು ಶಿಟಾಕೆ ಅಣಬೆಯ ಕಿಣ್ವಗಳಿಂದ ಚಿಕ್ಕ ತುಂಡುಗಳಾಗಿ ಒಡೆದು ಮಾಡಿದ ಉತ್ಪನ್ನವಿದೆ. ಅದನ್ನು ತೆಗೆದುಕೊಂಡವರ ರಕ್ತದಲ್ಲಿ ನ್ಯಾಚುರಲ್ ಕಿಲ್ಲರ್ ಕೋಶಗಳ (ಸೋಂಕು ತಗುಲಿದ ಕೋಶ, ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ರೋಗನಿರೋಧಕ ಕೋಶಗಳ) ಚಟುವಟಿಕೆ ಹೆಚ್ಚಿತು ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಅವುಗಳಲ್ಲಿ ಬಹಳಷ್ಟು ಸಣ್ಣವು. ಪ್ರಯೋಗಾಲಯದಲ್ಲಿ ಒಂದು ಅಂಕಿ ಏರಿತು ಎಂದ ಮಾತ್ರಕ್ಕೆ ಆ ಮನುಷ್ಯನಿಗೆ ಜ್ವರ, ಸೋಂಕು ಕಡಿಮೆಯಾಯಿತು ಎಂದು ಆಗುವುದಿಲ್ಲ. ಕ್ಯಾನ್ಸರ್ ಚಿಕಿತ್ಸೆಗೆ ಬದಲಾಗಿ ಇದನ್ನು ನೆಚ್ಚಿಕೊಳ್ಳುವಂತೆಯೇ ಇಲ್ಲ. ಮನೆಯಲ್ಲಿ ಯಾರಾದರೂ ಆ ಯೋಚನೆಯಲ್ಲಿದ್ದರೆ ದಯವಿಟ್ಟು ತಡೆಯಿರಿ. ಇನ್ನೊಂದು, ಇಂಥ ಪುಡಿಯನ್ನು ದಿನಕ್ಕೆ 1ರಿಂದ 3 ಗ್ರಾಂನಷ್ಟೇ ಕೊಡುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಲ್ಲಿ ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ ಸುಮಾರು 30 ಗ್ರಾಂ, ಹೆಂಗಸಿಗೆ 25 ಗ್ರಾಂ ನಾರು ಬೇಕು. ಊಟದಲ್ಲಿ ನಾರು ಕಡಿಮೆಯಾದರೆ ಈ ಪುಡಿಯಿಂದ ಅದು ತುಂಬುವುದಿಲ್ಲ.

ತುಂಬುವ ವಸ್ತು ನಮ್ಮ ಕಡೆ ಬೇಕಾದಷ್ಟಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮುದ್ದೆ ಜೊತೆ ಸೊಪ್ಪು, ಕಾಳು ಹಾಕಿದ ಬಸ್ಸಾರು ಇದ್ದರೆ ಒಂದೇ ಊಟದಲ್ಲಿ ದಿನದ ಅರ್ಧ ಲೆಕ್ಕದ ಹತ್ತಿರ ಬರಬಹುದು. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ದುಡಿದ ‘ರಾಗಿ ಲಕ್ಷ್ಮಣಯ್ಯ’ ಭಾರತದ ಮತ್ತು ಆಫ್ರಿಕದ ರಾಗಿಯನ್ನು ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟಿದ್ದರಿಂದ ನಮ್ಮ ರೈತರ ಇಳುವರಿ ಏರಿತು, ಆ ಋಣ ದೊಡ್ಡದು. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಸಂಶೋಧಕರು ರಾಗಿಯ ಅರಾಬಿನೋಕ್ಸೈಲಾನನ್ನೇ ಬಿಡಿಸಿ ಅಧ್ಯಯನ ಮಾಡಿದ್ದಾರೆ. ಮೊಳಕೆ ಕಟ್ಟಿದಾಗ ಕಾಳಿನ ಕಿಣ್ವಗಳು ಗೋಡೆಯನ್ನು ಸಡಿಲಿಸಿ, ನೀರಿನಲ್ಲಿ ಕರಗುವ ಪಾಲು ಹೆಚ್ಚುತ್ತದೆ. ಕರಗುವ ಪಾಲು ಬ್ಯಾಕ್ಟೀರಿಯಾಗಳಿಗೆ ಸುಲಭವಾಗಿ ದಕ್ಕುತ್ತದೆ. ಮೊಳಕೆ ರಾಗಿ ಹಿಟ್ಟಿನ ಅಂಬಲಿಯನ್ನು ನಾನು ಪುಡಿಗಿಂತ ಮೊದಲು ಹೇಳುವುದಕ್ಕೆ ಇದೂ ಒಂದು ಕಾರಣ.

ಆದರೂ ಸಪ್ಲಿಮೆಂಟ್ ಬೇಕಾಗುವವರಿದ್ದಾರೆ: ಹಲ್ಲಿಲ್ಲದ ವಯಸ್ಸಾದವರು, ಹೊರಗಿನ ಊಟವೇ ಗತಿಯಾದವರು. ಅವರು ಅರ್ಧ ಚಮಚದಿಂದ ಶುರುಮಾಡಿ ಎರಡು ಮೂರು ವಾರದಲ್ಲಿ ನಿಧಾನಕ್ಕೆ ಏರಿಸಬೇಕು, ನೀರು ಚೆನ್ನಾಗಿ ಕುಡಿಯಬೇಕು. ಒಮ್ಮೆಲೇ ಜಾಸ್ತಿ ತಗೊಂಡರೆ ಹೊಟ್ಟೆ ಉಬ್ಬರಿಸುತ್ತದೆ. ಗೋಧಿಯಿಂದ ಮಾಡಿದ್ದು ಸೀಲಿಯಾಕ್ ಕಾಯಿಲೆ (ಗೋಧಿಯ ಗ್ಲುಟೆನ್ ಕರುಳಿಗೆ ಒಗ್ಗದ ಕಾಯಿಲೆ) ಇರುವವರಿಗೆ ಆಗದು. ಕರುಳು ಕಿರಿದಾದವರು, ಅಂಗ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತಗೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಥೈರಾಯ್ಡ್ ಮಾತ್ರೆ ನುಂಗುವವರು ಅದಕ್ಕೂ ನಾರಿನ ಪುಡಿಗೂ ನಡುವೆ ನಾಲ್ಕು ಗಂಟೆ ಅಂತರ ಬಿಡಲಿ, ಇಲ್ಲದಿದ್ದರೆ ಮಾತ್ರೆ ದೇಹಕ್ಕೆ ಹತ್ತುವುದು ಕಡಿಮೆಯಾಗಬಹುದು. ಗಿರಣಿಯಿಂದ ಹಸಿ ತೌಡು ತಂದು ಡಬ್ಬಿಯಲ್ಲಿಟ್ಟು ತಿನ್ನುವ ಯೋಚನೆ ಬೇಡ: ಅದರಲ್ಲಿರುವ ಲೈಪೇಸ್ ಕಿಣ್ವ ಎಣ್ಣೆಯಂಶವನ್ನು ಒಡೆಯುವುದರಿಂದ ಬೇಗ ಕಮಟು ಹಿಡಿಯುತ್ತದೆ. ತಿನ್ನಲು ಮಾರುವ ತೌಡನ್ನು ಮೊದಲೇ ಬಿಸಿಮಾಡಿ ಆ ಕಿಣ್ವವನ್ನು ನಿಷ್ಕ್ರಿಯಗೊಳಿಸಿರುತ್ತಾರೆ.