ವಿಚಾರಣಾಧೀನ ಕೈದಿ: ತೀರ್ಪಿಗೂ ಮೊದಲಿನ ಜೈಲು

"ಆರೋಪಿಗೆ ನ್ಯಾಯಾಲಯ 14 ದಿನಗಳ ನ್ಯಾಯಾಂಗ ಬಂಧನ ವಿಧಿಸಿದೆ." ಪೇಪರಿನಲ್ಲಿ ದಿನಾ ಕಾಣುವ ಸಾಲು. ಇದನ್ನು ಓದಿ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಯಾರಾದರೂ ಹೇಳಿಯೇ ಹೇಳುತ್ತಾರೆ: "ಅಷ್ಟೆಲ್ಲ ಮಾಡಿದವನಿಗೆ ಬರೀ ಹದಿನಾಲ್ಕು ದಿನವಾ ಮಾರಾಯ್ರೆ?"

ಅದು ಶಿಕ್ಷೆಯೇ ಅಲ್ಲ. ವಿಚಾರಣೆ ಇನ್ನೂ ಶುರುವಾಗಿಲ್ಲ. ಹದಿನಾಲ್ಕು ದಿನ ಕಳೆದ ಮೇಲೆ ಅವನ ಬಂಧನದ ವಿಷಯ ಮತ್ತೆ ಜಡ್ಜ್ ಮುಂದೆ ಬರುತ್ತದೆ, ಬೇಕಿದ್ದರೆ ಅವರು ಅದನ್ನು ಮುಂದುವರಿಸುತ್ತಾರೆ. ಹೀಗೆ ಮುಂದುವರಿಯುತ್ತಾ ತಿಂಗಳು, ವರ್ಷ ಕಳೆಯಬಹುದು. ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ಕೋರ್ಟು ಹೇಳುವ ಮೊದಲೇ ಒಳಗಿರುವ ಇಂಥವರನ್ನು ವಿಚಾರಣಾಧೀನ ಕೈದಿ ಎನ್ನುತ್ತಾರೆ.

ಜೈಲು ಅಂದರೆ ಶಿಕ್ಷೆ ಅನುಭವಿಸುವವರ ಜಾಗ ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? 2022ರ ಕೊನೆಯ ರಾಷ್ಟ್ರೀಯ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿದ್ದವರು 5,73,220 ಜನ. ಅವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ನಾಲ್ವರಲ್ಲಿ ಮೂವರು! ಮಂಗಳೂರಿನ ಕೊಡಿಯಾಲ್‌ಬೈಲ್, ಉಡುಪಿಯ ಹಿರಿಯಡ್ಕದಂಥ ಜಿಲ್ಲಾ ಜೈಲುಗಳು ಮುಖ್ಯವಾಗಿ ಇಂಥವರಿಗಾಗಿಯೇ ಇರುವುದು. ದೊಡ್ಡ ಶಿಕ್ಷೆಯಾದವರನ್ನು ಸಾಮಾನ್ಯವಾಗಿ ಬೇರೆ ಊರಿನ ಕೇಂದ್ರ ಕಾರಾಗೃಹಕ್ಕೆ ಕಳಿಸುತ್ತಾರೆ.

ತೀರ್ಪಿಲ್ಲದೆ ಒಬ್ಬನನ್ನು ಕೂಡಿಹಾಕಲು ಕಾನೂನು ಕೊಡುವ ಕಾರಣಗಳು ಮುಖ್ಯವಾಗಿ ಮೂರು. ಓಡಿಹೋಗಬಹುದು, ಸಾಕ್ಷಿಗಳನ್ನು ಹೆದರಿಸಬಹುದು, ಹೊರಗೆ ಬಂದು ಇನ್ನೊಂದು ಅಪರಾಧ ಮಾಡಬಹುದು. ಈ ಹೆದರಿಕೆ ಸುಮ್ನೆ ಅಲ್ಲ. ಕೊಲೆ ಕೇಸಿನ ಸಾಕ್ಷಿ ಆರೋಪಿಯ ಪಕ್ಕದ ಮನೆಯವನೇ ಆಗಿದ್ದರೆ ಏನಾಗುತ್ತದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಮೂರೂ ಕಾಯುವ ಕಾರಣಗಳು, ದಂಡಿಸುವ ಕಾರಣಗಳಲ್ಲ. ಅದಕ್ಕೇ ವಿಚಾರಣಾಧೀನ ಕೈದಿ ತನ್ನ ಬಟ್ಟೆಯನ್ನೇ ಹಾಕಿಕೊಳ್ಳಬಹುದು, ಅವನಿಂದ ಕಡ್ಡಾಯವಾಗಿ ಕೆಲಸ ಮಾಡಿಸುವಂತಿಲ್ಲ. ಜಾಮೀನು ಕೊಡುವುದು ನಿಯಮ, ಜೈಲಿಗೆ ಹಾಕುವುದು ಅಪವಾದ ಎಂದು ಸುಪ್ರೀಂ ಕೋರ್ಟು 1977ರಲ್ಲೇ ಹೇಳಿದೆ.

ಹಾಗಾದರೆ ಒಳಗೆ ಉಳಿಯುವವರು ಯಾರು? ಮಲ್ಪೆಯಲ್ಲಿ ಬೋಟಿಗೆ ಹೋಗುವ ಜಾರ್ಖಂಡಿನ ಒಬ್ಬ ಹುಡುಗ ಅಂದುಕೊಳ್ಳಿ. ಮೊಬೈಲ್ ಕದ್ದ ಆರೋಪ. ಕೋರ್ಟು ಜಾಮೀನು ಕೊಡುತ್ತದೆ, ಷರತ್ತು ಒಂದೇ: 25 ಸಾವಿರ ರೂಪಾಯಿ ಬಾಂಡ್ (ವಾಯಿದೆ ತಪ್ಪಿಸಿದರೆ ಅಷ್ಟು ಕಟ್ಟುತ್ತೇನೆ ಎಂಬ ಮುಚ್ಚಳಿಕೆ), ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ. ಜಾಮೀನು ನಿಲ್ಲುವವರು ಪಹಣಿ, ಆಧಾರ್, ಫೋಟೋ ಹಿಡಿದುಕೊಂಡು ಕೋರ್ಟಿಗೆ ಬರಬೇಕು. ಜಡ್ಜ್ ಕೇಳುತ್ತಾರೆ, "ಆರೋಪಿ ನಿಮಗೆ ಏನಾಗಬೇಕು? ಎಷ್ಟು ಸಮಯದಿಂದ ಪರಿಚಯ?" ಬೋಟಿನ ಮಾಲೀಕರು ಒಳ್ಳೆಯವರೇ ಇರಬಹುದು. ಆದರೆ ಅವರ ಲೆಕ್ಕವೇ ಬೇರೆ. ಜೂನ್, ಜುಲೈಯಲ್ಲಿ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಹುಡುಗರೆಲ್ಲ ಊರಿಗೆ ಹೋಗುತ್ತಾರೆ. ಇವನು ವಾಪಸ್ ಬರದೆ ವಾಯಿದೆ ತಪ್ಪಿಸಿದರೆ ದುಡ್ಡು ಕಟ್ಟಬೇಕಾದವರು ಇವರು. ಅವರು ಬರುವುದಿಲ್ಲ. ಜಾಮೀನು ಸಿಕ್ಕಿದ ಹುಡುಗ ಜೈಲಿನಲ್ಲೇ ಉಳಿಯುತ್ತಾನೆ. ಅದೇ ಆರೋಪದಲ್ಲಿ ಸಿಕ್ಕಿಬಿದ್ದ ಊರಿನ ಹುಡುಗನಾದರೆ ಮಾವನ ಪಹಣಿ ಇಟ್ಟು ಸಂಜೆಯೊಳಗೆ ಮನೆಯಲ್ಲಿರುತ್ತಾನೆ.

ಇಬ್ಬರಲ್ಲಿ ಕದ್ದವನು ಯಾರು ಎಂಬುದು ಇನ್ನೂ ಯಾರಿಗೂ ಗೊತ್ತಿಲ್ಲ. ಗೊತ್ತಿರುವುದು ಯಾರಿಗೆ ಜಾಗ ಇದೆ ಎಂಬುದು ಮಾತ್ರ. ನನ್ನ ತಕರಾರು ಇರುವುದೇ ಇಲ್ಲಿ.

1978ರಲ್ಲಿ ಮೋತಿ ರಾಮ್ ಎಂಬ ಗಾರೆ ಕೆಲಸದವನ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನೇ ಎತ್ತಿದ್ದರು. ಮಧ್ಯಪ್ರದೇಶದ ಮ್ಯಾಜಿಸ್ಟ್ರೇಟ್ ಅವನಿಗೆ 10,000 ರೂಪಾಯಿಯ ಜಾಮೀನು ಕೇಳಿದ್ದರು. ಅವನ ತಮ್ಮನೋ ಅಣ್ಣನೋ ಮುಂದೆ ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ಒಬ್ಬ ಕನ್ನಡಿಗನೋ ಮಲಯಾಳಿಯೋ ಬಸ್ತಾರಿನಲ್ಲಿ, ಚಾಂದನಿ ಚೌಕದಲ್ಲಿ ಸಿಕ್ಕಿಬಿದ್ದರೆ ಏನು ಮಾಡಬೇಕು ಎಂದು ಅಯ್ಯರ್ ಕೇಳಿದರು. ಮಲ್ಪೆಯಲ್ಲಿ ಸಿಕ್ಕಿಬಿದ್ದ ಜಾರ್ಖಂಡಿನವನಿಗೂ ಅದೇ ಪ್ರಶ್ನೆ.

ಮರುವರ್ಷ, 1979ರಲ್ಲಿ, ಬಿಹಾರದ ಹುಸೈನಾರಾ ಖಾತೂನ್ ಪ್ರಕರಣ ಬಂತು. ಅಪರಾಧ ಸಾಬೀತಾದರೂ ಸಿಗುತ್ತಿದ್ದ ಶಿಕ್ಷೆಗಿಂತ ಜಾಸ್ತಿ ಸಮಯ ವಿಚಾರಣೆಯಿಲ್ಲದೆ ಜೈಲಿನಲ್ಲಿದ್ದವರು ಅಲ್ಲಿ ಕಂಡುಬಂದರು. ಬೇಗ ವಿಚಾರಣೆ ನಡೆಯುವುದು, ಜೀವ ಮತ್ತು ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿಯ ಹಕ್ಕು ಎಂದು ಕೋರ್ಟು ಹೇಳಿದ್ದು ಆಗ.

ಈಗ ಕಾನೂನಿನಲ್ಲೇ ಒಂದು ಗಡಿ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಆ ಅಪರಾಧದ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಸಮಯ ಒಳಗಿದ್ದವನನ್ನು ಜಾಮೀನಿನಲ್ಲಿ ಬಿಡಬೇಕು. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದವನಿಗೆ ಮೂರನೇ ಒಂದು ಭಾಗ ಸಾಕು, ಅವನನ್ನು ಬಾಂಡ್ ಮೇಲೆ ಬಿಡಬೇಕು. ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ 3 ವರ್ಷ. ಅಂದರೆ ಮಲ್ಪೆಯ ಹುಡುಗನಿಗೆ 1 ವರ್ಷ. ಅರ್ಜಿ ಹಾಕುವ ಹೊಣೆ ಜೈಲಿನ ಸೂಪರಿಂಟೆಂಡೆಂಟ್ ಮೇಲೆಯೇ ಇದೆ. ಆದರೆ ಮರಣದಂಡನೆ, ಜೀವಾವಧಿಯ ಕೇಸುಗಳಿಗೆ ಇದು ಅನ್ವಯಿಸುವುದಿಲ್ಲ. ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೂ ಇಲ್ಲ. ಎರಡನೆಯ ಷರತ್ತು ನನಗೆ ಸರಿಕಾಣುವುದಿಲ್ಲ. ಸಾಬೀತಾಗದ ಒಂದು ಕೇಸಿಗೆ ಸಾಬೀತಾಗದ ಇನ್ನೊಂದನ್ನು ಸೇರಿಸಿದರೆ ಅಪರಾಧ ಸಾಬೀತಾದ ಹಾಗಾಯಿತೇ?

ಕೊನೆಗೆ ತೀರ್ಪು ಬಂದಾಗ ಇನ್ನೊಂದು ವಿಚಿತ್ರ. ತಪ್ಪಿತಸ್ಥ ಎಂದಾದರೆ, ಮೊದಲೇ ಒಳಗೆ ಕಳೆದ ದಿನಗಳನ್ನು ಶಿಕ್ಷೆಯಲ್ಲಿ ಕಳೆಯುತ್ತಾರೆ. ನಿರ್ದೋಷಿ ಎಂದಾದರೆ? ಆ ದಿನಗಳನ್ನು ಕಳೆಯಲು ಶಿಕ್ಷೆಯೇ ಇಲ್ಲ. ಪರಿಹಾರ ಕೇಳಿ ಹೈಕೋರ್ಟಿಗೆ ಹೋಗಬಹುದು, ಆದರೆ ತಾನಾಗಿ ಸಿಗುವ ಪರಿಹಾರ ಯಾವುದೂ ಇಲ್ಲ. ಹೀಗಾಗಿ ಸಣ್ಣ ಕೇಸುಗಳಲ್ಲಿ ಕೆಲವರಿಗೆ ತಪ್ಪೊಪ್ಪಿಕೊಳ್ಳುವುದೇ ಲಾಭ ಅನ್ನಿಸುತ್ತದೆ. ಒಪ್ಪಿಕೊಂಡರೆ ಕಳೆದ ದಿನಗಳೇ ಶಿಕ್ಷೆಯಾಗಿ ಇವತ್ತೇ ಬಿಡುಗಡೆ, ಹೋರಾಡಿದರೆ ಮುಂದಿನ ವಾಯಿದೆಯವರೆಗೆ ಅಲ್ಲೇ.

ಓಟಿನದ್ದೂ ಹಾಗೆಯೇ. ಜೈಲಿನಲ್ಲಿರುವ ವಿಚಾರಣಾಧೀನ ಕೈದಿ ಚುನಾವಣೆಗೆ ನಿಲ್ಲಬಹುದು, ಆದರೆ ಓಟು ಹಾಕುವಂತಿಲ್ಲ. ಅದೇ ಕೇಸಿನಲ್ಲಿ ಜಾಮೀನಿನ ಮೇಲೆ ಹೊರಗಿರುವವನು ಎರಡನ್ನೂ ಮಾಡಬಹುದು.

ಪರಿಚಯದವರು ಯಾರಾದರೂ ಹೀಗೆ ಒಳಗಿದ್ದರೆ, ವಕೀಲರಿಗೆ ದುಡ್ಡಿಲ್ಲ ಎಂದು ಸುಮ್ಮನೆ ಕೂರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ಬಡ ವಿಚಾರಣಾಧೀನ ಕೈದಿಗಳ ಜಾಮೀನಿಗೆ ಹಣದ ನೆರವು ಕೊಡುವ ಕೇಂದ್ರದ ಯೋಜನೆಯೂ 2023ರಿಂದ ಇದೆ. ಕೇಳಲು ಹೋಗುವಾಗ ಕೇಸಿನ ನಂಬರು, ಯಾವ ಠಾಣೆ, ಯಾವ ಕೋರ್ಟು, ಒಳಗೆ ಹೋದ ತಾರೀಕು, ಇಷ್ಟನ್ನು ಬರೆದಿಟ್ಟುಕೊಂಡು ಹೋಗಿ. ಮೂರನೇ ಒಂದು ಭಾಗದ ಲೆಕ್ಕಕ್ಕೆ ಆ ತಾರೀಕು ಬೇಕೇ ಬೇಕು.