ಬಂಡೆಗೆ ಅಂಟಿದ ಪುನರ್ಪುಳಿಯ ನೆಂಟ

ಮಳೆಗಾಲ ಕಳೆದು ಮಲೆನಾಡಿನ ಹೊಳೆಗಳಲ್ಲಿ ನೀರು ಇಳಿಯುವ ಹೊತ್ತಿಗೆ ಬಂಡೆಯ ಮೇಲೆ ಕಾಲು ಜಾರಿದವರು ಬೈಯುವುದು ಪಾಚಿಯನ್ನು. ಕೆಲವೊಮ್ಮೆ ಆ ಬೈಗುಳ ಸಲ್ಲಬೇಕಾದದ್ದು ಹೂಬಿಡುವ ಗಿಡವೊಂದಕ್ಕೆ. ಪೊಡೊಸ್ಟೆಮೇಸಿ ಕುಟುಂಬದ ಈ ಗಿಡಗಳಲ್ಲಿ ಸುಮಾರು 300 ಪ್ರಭೇದಗಳಿವೆ. ಅವುಗಳಲ್ಲಿ ಹಲವು ನಮ್ಮ ಪಶ್ಚಿಮಘಟ್ಟದಲ್ಲೇ ಇವೆ. ಡಿಎನ್ಎ ಹೋಲಿಸಿ ನೋಡಿದರೆ ಸಾರಿಗೆ ಹಾಕುವ ಪುನರ್ಪುಳಿ ಇವುಗಳ ದೂರದ ನೆಂಟ. ನೋಡಿದರೆ ಯಾರೂ ನಂಬುವುದಿಲ್ಲ ಬಿಡಿ.

ಮಣ್ಣಿಲ್ಲದ ಕಲ್ಲಿನ ಮೇಲೆ, ರಭಸದ ನೀರಿನಡಿ ಬದುಕಬೇಕಾದ ಗಿಡ ಎದ್ದು ನಿಂತರೆ ಕೊಚ್ಚಿಹೋಗುತ್ತದೆ. ಹಾಗಾಗಿ ಇವು ಚಪ್ಪಟೆಯಾಗಿ ಹರಡುತ್ತವೆ. ಈ ಕುಟುಂಬದ ಜೈಲಾನಿಡಿಯಂ ಎಂಬ ಕುಲದ ಕೆಲವು ಗಿಡಗಳಲ್ಲಿ ಬಂಡೆಗೆ ಮೆತ್ತಿಕೊಂಡ ಹಸಿರು ಹೊದಿಕೆಯೇ ಬೇರು. ಬಿಸಿಲು ಹೀರಿ ಆಹಾರ ತಯಾರಿಸುವುದರಲ್ಲೂ ಅದು ಪಾಲುಗೊಳ್ಳುತ್ತದೆ. ಅದು ಬೇರೆಂದು ಗೊತ್ತಾಗುವುದು ಹೇಗೆ? ಅದರ ಮೇಲಿನ ಪುಟ್ಟ ಎಲೆಗೊಂಚಲುಗಳು ಹೊರಮೈಯಿಂದ ಚಿಗುರದೆ ಒಳಪದರದಿಂದ ಸೀಳಿಕೊಂಡು ಬರುತ್ತವೆ, ಬೇರಿನಿಂದ ಕವಲುಬೇರು ಹೊರಡುವ ಹಾಗೆ. ಇದೇ ಕುಟುಂಬದ ಡಾಲ್ಜೆಲ್ಲಿಯಾ ಜೈಲಾನಿಕಾ ಎಂಬ ಗಿಡದ್ದು ಇದಕ್ಕೆ ತದ್ವಿರುದ್ಧ. ಅದಕ್ಕೆ ಬೇರೇ ಇಲ್ಲ, ಕಾಂಡವೇ ಹೊದಿಕೆಯಾಗಿದೆ. ಮೇಲುನೋಟಕ್ಕೆ ಎರಡೂ ಒಂದೇ.

ಎಲೆಯ ಕಥೆ ಇನ್ನೂ ವಿಚಿತ್ರ. ಸಾಮಾನ್ಯ ಗಿಡದ ಕುಡಿಯಲ್ಲಿ ಸದಾ ಬೆಳೆಯುವ ಸಣ್ಣ ಗುಮ್ಮಟವೊಂದಿರುತ್ತದೆ, ಅದರ ಪಕ್ಕೆಯಲ್ಲಿ ಎಲೆಗಳು ಮೂಡುತ್ತವೆ. ಈ ಕುಟುಂಬದ ದೊಡ್ಡ ಶಾಖೆಯೊಂದರಲ್ಲಿ ಆ ಗುಮ್ಮಟವೇ ಕಾಣುವುದಿಲ್ಲ. ಹಳೆಯ ಎಲೆಯ ಬುಡದಲ್ಲೇ ಹೊಸ ಎಲೆ ಹುಟ್ಟುತ್ತದೆ. 2010ರಲ್ಲಿ ಜಪಾನಿನ ವಿಜ್ಞಾನಿಗಳು ಈ ಎಲೆಮೊಳಕೆಗಳಲ್ಲಿ ಯಾವ ಜೀನ್‌ಗಳು ಕೆಲಸ ಮಾಡುತ್ತಿವೆ ಎಂದು ಹುಡುಕಿದರು. ಮೊದಲು ಸಿಕ್ಕಿದ್ದು ಕುಡಿಯ ಜೀನ್‌ಗಳು. ಆಮೇಲೆ ಅವು ತಣ್ಣಗಾಗಿ ಎಲೆಯ ಜೀನ್ ಚುರುಕಾಗುತ್ತದೆ. ಅಂದರೆ ಕಾಂಡದ ತುದಿಯಾಗಿ ಶುರುವಾದದ್ದು ಎಲೆಯಾಗಿ ಮುಗಿಯುತ್ತದೆ. ಶಾಲೆಯಲ್ಲಿ ಚಿತ್ರ ಬರೆದು ಬೇರು, ಕಾಂಡ, ಎಲೆ ಎಂದು ಗೆರೆ ಎಳೆದು ಗುರುತಿಸಿದ್ದೆವಲ್ಲ, ಇಲ್ಲಿ ಆ ಗೆರೆ ಎಲ್ಲಿಗೆ ಎಳೆಯುವುದು?

ಹೂವಿನ ವಿಷಯದಲ್ಲಿ ಮಾತ್ರ ಅವಸರ. ನೀರಿಳಿದು ಬಂಡೆ ಗಾಳಿಗೆ ತೆರೆದುಕೊಂಡಾಗ ಮೊಗ್ಗು ಅರಳಿ, ಕಾಯಿ ಕಟ್ಟಿ, ಗಿಡ ಒಣಗುತ್ತದೆ. ಧೂಳಿನಷ್ಟು ಸಣ್ಣ ಬೀಜ ಮಳೆಗೆ ನೆನೆದಾಗ ಅಂಟಂಟಾಗಿ ಕಲ್ಲಿಗೆ ಹತ್ತಿಕೊಳ್ಳುತ್ತದೆ. ಅಣೆಕಟ್ಟಿನ ಹಿನ್ನೀರಿನಲ್ಲಿ ವರ್ಷವಿಡೀ ಮುಳುಗಿರುವ ಬಂಡೆಗಳ ಮೇಲೆ ರಭಸವೂ ಇಲ್ಲ, ಹೂ ಅರಳಲು ಬೇಕಾದ ಆ ಒಣ ದಿನಗಳೂ ಬರುವುದಿಲ್ಲ.