3.85 ಅಂದ್ರೆ ಲಾಭ ಅಲ್ಲ, ಸ್ವಾಮಿ

ಬೆಳಗಾವಿಯ ನಿವೃತ್ತ ಸುಬೇದಾರರೊಬ್ಬರು ಒಂದು ಸಂಜೆ ಕುಂದಾ ಡಬ್ಬಿ ಹಿಡಿದು ನನ್ನ ಆಫೀಸಿಗೆ ಬಂದರು. "ಸರ, ಎಲ್-1 ನಾವಾ ಆದ್ವಿ!" ಅಂದ್ರೆ ಅತಿ ಕಡಿಮೆ ದರದವರು ಅಂತ ಟೆಂಡರ್ ಇವರಿಗೇ. ಸೇನಾ ಘಟಕವೊಂದರಲ್ಲಿ ಕಸ ಗುಡಿಸಲು, ಅಡುಗೆಮನೆಗೆ, ತೋಟಕ್ಕೆ ಅಂತ 40 ಜನರನ್ನು ಒದಗಿಸುವ ಟೆಂಡರ್. ಕುಂದಾ ತಿಂದೆ. ಹೊಟ್ಟೆಯಲ್ಲಿ ಮಾತ್ರ ಕಸಿವಿಸಿ.

ಇಂಥ ಟೆಂಡರ್‌ನಲ್ಲಿ ಕೂಲಿ, ಪಿಎಫ್, ಇಎಸ್‌ಐ ಮೊದಲೇ ನಿಗದಿ. ಪೈಪೋಟಿ ಇರುವುದು ಸರ್ವಿಸ್ ಚಾರ್ಜ್ ಮೇಲೆ, ಅಂದ್ರೆ ಕೂಲಿಯ ಮೇಲೆ ಗುತ್ತಿಗೆದಾರ ಹಾಕುವ ಶೇಕಡಾವಾರು ಶುಲ್ಕ. ಹಿಂದೆ ಸೊನ್ನೆ ಹಾಕುತ್ತಿದ್ದರು. ಸೊನ್ನೆ ಹಾಕಿದ ಬಿಡ್ ಪರಿಗಣಿಸಬೇಡಿ ಎಂದು 2014ರಲ್ಲಿ ಹಣಕಾಸು ಸಚಿವಾಲಯ ಹೇಳಿತು. ನಮ್ಮವರು ಸುಮ್ನಿರ್ತಾರಾ? ಪೈಸೆ ಲೆಕ್ಕಕ್ಕೆ ಇಳಿದರು. ಈಗ ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಸಾಮಾನ್ಯವಾಗಿ ಕನಿಷ್ಠ ಶೇ 3.85 ಇರುತ್ತದೆ. ಎಲ್ಲರೂ ಅದನ್ನೇ ಹಾಕುತ್ತಾರೆ. ಟೈ ಆದಾಗ ಕಂಪ್ಯೂಟರ್ ಒಬ್ಬರನ್ನು ಎತ್ತುತ್ತದೆ. ಸುಬೇದಾರರು ಗೆದ್ದಿದ್ದು ಹೀಗೆ.

ಈ 3.85 ಪೂರ್ತಿ ಕೈಗೆ ಬರುತ್ತದೆ ಅಂತ ನಂಬಿದ್ದಾರಲ್ಲ, ಅದೇ ನನ್ನ ತಲೆನೋವು. ಲೆಕ್ಕ ನೋಡಿ. ಪಿಎಫ್, ಇಎಸ್‌ಐ ಸೇರಿ ತಿಂಗಳ ಕೂಲಿ 10 ಲಕ್ಷ ಅಂತಿಟ್ಟುಕೊಳ್ಳಿ. ಸರ್ವಿಸ್ ಚಾರ್ಜ್ 38,500 ರೂಪಾಯಿ. ಆದಾಯ ತೆರಿಗೆಯ ಟಿಡಿಎಸ್ ಕಡಿತ ಈ 38,500ರ ಮೇಲಲ್ಲ, ಇಡೀ ಬಿಲ್ಲಿನ ಮೇಲೆ. ಕಂಪನಿಗೆ ಶೇ 2 ಅಂದ್ರೆ 20,770. ರಿಟರ್ನ್ ಹಾಕಿದ ಮೇಲೆ ವಾಪಸ್ ಬರಬಹುದು, ನಿಜ. ಆದರೆ ಈ ತಿಂಗಳ ಖರ್ಚಿಗೆ ಅದು ಇಲ್ಲ. ಕೂಲಿ 7ನೇ ತಾರೀಖಿನೊಳಗೆ ಕೊಡಲೇಬೇಕು. ಕೊಟ್ಟ ಪುರಾವೆ, ಪಿಎಫ್ ಚಲನ್ ಲಗತ್ತಿಸಿದರೆ ಮಾತ್ರ ಬಿಲ್ ಮುಂದೆ ಹೋಗುತ್ತದೆ. ಬಿಲ್ ಎರಡು ತಿಂಗಳು ತಡವಾದರೆ 20 ಲಕ್ಷ ನಿಮ್ಮದೇ ದುಡ್ಡು ಹೊರಗಿರುತ್ತದೆ. ವರ್ಷಕ್ಕೆ ಶೇ 12ರಂತೆ ಸಾಲ ತಂದಿದ್ದರೆ ತಿಂಗಳ ಬಡ್ಡಿಯೇ 20,000. ಅಲ್ಲಿಗೆ 38,500 ಮುಗಿದು ಕೈಯಿಂದಲೇ 2,270 ಹೋಯ್ತು. ಜಿಎಸ್‌ಟಿ, ಬ್ಯಾಂಕ್ ಗ್ಯಾರಂಟಿ, ಸೂಪರ್‌ವೈಸರ್ ಬೈಕಿನ ಪೆಟ್ರೋಲ್ ಇನ್ನೂ ಹಿಡಿದೇ ಇಲ್ಲ.

ಎಲ್ಲ ಕಡೆ ಬಿಲ್ ತಡವಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಕೆಲವು ಘಟಕಗಳು ಗಡಿಯಾರದಂತೆ ಪಾವತಿಸುತ್ತವೆ. ಷರತ್ತುಗಳೂ ಬಿಡ್‌ನಿಂದ ಬಿಡ್‌ಗೆ ಬೇರೆ, ಓದಿ ನೋಡಿ. ಇಷ್ಟಾದ ಮೇಲೂ ಕೆಲವರು ಕೂಲಿಯವರಿಂದ ತಿಂಗಳಿಗೆ ಸಾವಿರ ವಾಪಸ್ ಕಿತ್ತು ಸರಿದೂಗಿಸುತ್ತಾರೆ. ಅಂಥವರ ಫೈಲು ನಾನು ಮುಟ್ಟುವುದಿಲ್ಲ.

ಸುಬೇದಾರರು ಹಾಗೆ ಮಾಡಲಿಲ್ಲ. ಮೂರನೇ ತಿಂಗಳು ಹೆಂಡತಿಯ ಬಳೆ ಅಡವಿಟ್ಟು 40 ಜನರಿಗೂ ಸಂಬಳ ಹಾಕಿದರು.

ಹೋದ ವಾರ ಮತ್ತೆ ಫೋನ್. "ಸರ, ಕ್ಯಾಂಪ್‌ನಾಗ ಇನ್ನೊಂದು ಟೆಂಡರ್ ಬಿದ್ದೈತ್ರಿ. ಎಷ್ಟು ಹಾಕೂಣ್ರಿ?"

"ಅದು ಆಮೇಲೆ. ಮೂರು ತಿಂಗಳ ಕೂಲಿಗೆ ದುಡ್ಡು ಎಲ್ಲಿದೆ?"

ಸ್ವಲ್ಪ ಹೊತ್ತು ಮಾತೇ ಇಲ್ಲ.

"ಮನಿಯಾಕಿನ್ನ ಕೇಳಿ ಹೇಳ್ತೇನ್ರಿ."